ಓದಿ ಹೇಳಲಾಗಿದೆ

ಮೂರು ವರ್ಷದ ಹಿಂದೆ ನಮ್ಮ ಟೀಮಿಗೆ ಮ್ಯಾಡ್ರಿಡ್‌ನ ಒಂದು ಪ್ರಾಜೆಕ್ಟ್ ಬಂತು. ನನ್ನ ಪಾಲಿಗೆ ಬಿದ್ದದ್ದು ದೊಡ್ಡ ಕೆಲಸವೇನಲ್ಲ. ಆ್ಯಪ್‌ನಲ್ಲಿ ಇಂಗ್ಲಿಷಿನಲ್ಲಿದ್ದ ಬಟನ್ನು, ಮೆನು, ಎಚ್ಚರಿಕೆಯ ಸಾಲು ಎಲ್ಲಾ ಸ್ಪ್ಯಾನಿಷ್‌ಗೆ ಹೋದಾಗ ಸರಿಯಾಗಿ ಕೂರುತ್ತವೋ ಇಲ್ಲವೋ ನೋಡೋದು. ಅನುವಾದ ಮಾಡುವವರು ಬೇರೆ ಇದ್ದರು. ಅವರು ಕಳಿಸಿದ ಸಾಲುಗಳನ್ನು ಫೈಲಿಗೆ ತುಂಬಿ, ಅಕ್ಷರಗಳು ಬಟನ್ನಿನಿಂದ ಹೊರಗೆ ಚಾಚಿಕೊಂಡರೆ ತಕರಾರು ತೆಗೆಯುವವನು ನಾನು. ದಿನಕ್ಕೆ ನೂರಾರು ಸಾಲು ಕಣ್ಣಿಗೆ ಬಿದ್ದೂ ಬಿದ್ದೂ, ಇಷ್ಟು ನೋಡ್ತಾ ಇದ್ದೀನಿ, ಕಲಿತೇ ಬಿಡೋಣ ಅನ್ನಿಸಿ ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದೆ.

ಒಂದು ಸೋಮವಾರ ಅಲ್ಲಿಯ ಸಹೋದ್ಯೋಗಿಯೊಬ್ಬ ಚಾಟ್‌ನಲ್ಲಿ ಒಂದು ಸಾಲು ಬರೆದ. ಶನಿವಾರ ರಾತ್ರಿ ಅವರ ಸರ್ವರ್ ಬಿದ್ದು ದೊಡ್ಡ ರಾದ್ಧಾಂತ ಆಗಿತ್ತು. ಅವನ ಸಾಲನ್ನು ಪದ ಪದ ಬಿಡಿಸಿ ನೋಡಿದರೆ ಹೀಗಿತ್ತು: "ಬೆಳಿಗ್ಗೆ ಬಾಸ್ ನನಗೆ ಅಂಕಲಿಪಿ ಓದಿದ." ನನಗೆ ತಲೆಬುಡ ತಿಳಿಯಲಿಲ್ಲ. ಬಾಸ್ ಯಾಕೆ ಅಂಕಲಿಪಿ ಓದಬೇಕು? ಕೇಳಿದೆ. ಅವನು ನಕ್ಕು, ಅದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದ. ಅದರ ಪದಶಃ ಅರ್ಥ: "ಬಾಸ್ ನನಗೆ ದೊಂಬಿ ಕಾಯ್ದೆ ಓದಿದ."

ಎರಡರ ಅರ್ಥವೂ ಒಂದೇ. ಬಾಸ್ ಚೆನ್ನಾಗಿ ಉಗಿದಿದ್ದಾನೆ.

ಕನ್ನಡದಲ್ಲಾಗಿದ್ದರೆ "ಮಂಗಳಾರತಿ ಮಾಡಿದ" ಅಂತಿದ್ದೆವು. ಅದಿರಲಿ, ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಒಬ್ಬರಿಗೆ ಅಂಕಲಿಪಿ, ಇನ್ನೊಬ್ಬರಿಗೆ ಕಾಯ್ದೆ. ಆದರೆ ಎರಡು ದೇಶಗಳಲ್ಲೂ ಬೈಯೋದಕ್ಕೆ 'ಓದು' ಅನ್ನೋ ಕ್ರಿಯಾಪದವೇ ಯಾಕೆ ಬಂತು? ಓದುವುದು ನಾವು ಮಾಡುವ ಕೆಲಸ ಅಂದುಕೊಂಡಿದ್ದೇನೆ ನಾನು. ಇಲ್ಲಿ ನೋಡಿದರೆ ಓದು ಅನ್ನೋದು ಇನ್ನೊಬ್ಬರು ನಮ್ಮ ಮೇಲೆ ಮಾಡುವ ಕೆಲಸ. ಈ ಒಂದು ಪ್ರಶ್ನೆ ಹಿಡಿದು ಹೊರಟವನು ಎಲ್ಲೆಲ್ಲೋ ಸುತ್ತಿ ಕಡೆಗೆ ನಮ್ಮೂರಿಗೇ ಬಂದು ನಿಂತೆ. ಆ ಸುತ್ತಾಟದ ಕಥೆ ಇದು.

ಮೊದಲು ಅಂಕಲಿಪಿ. ಸ್ಪ್ಯಾನಿಷ್ ಮಾತು 'ಲೆಯೆರ್ ಲಾ ಕಾರ್ತಿಯಾ'. ಕಾರ್ತಿಯಾ ಅಂದರೆ ಮಕ್ಕಳಿಗೆ ಮೊದಲ ಅಕ್ಷರ ಕಲಿಸುವ ಕೆಲವೇ ಹಾಳೆಯ ಸಣ್ಣ ಪುಸ್ತಕ. ಮೊದಲು ಅಕ್ಷರಮಾಲೆ, ಆಮೇಲೆ ಬಾ, ಬೆ, ಬಿ, ಬೊ, ಬು ಅಂತ ನಮ್ಮ ಕಾಗುಣಿತದ ಹಾಗೆಯೇ ಒಂದು ಸಾಲು, ಆಮೇಲೆ ಪ್ರಾರ್ಥನೆಗಳು. 1583ರಲ್ಲಿ ಸ್ಪೇನಿನ ರಾಜ ಎರಡನೇ ಫಿಲಿಪ್ ಈ ಪುಸ್ತಕವನ್ನು ಅಚ್ಚು ಹಾಕುವ ಹಕ್ಕನ್ನು ವಾಯಾದೊಲಿದ್ ಊರಿನ ಚರ್ಚಿಗೆ ಕೊಟ್ಟ. ಚರ್ಚ್ ಕಟ್ಟಡಕ್ಕೆ ದುಡ್ಡು ಬೇಕಿತ್ತು; ಮಕ್ಕಳ ಅಂಕಲಿಪಿಯ ಮಾರಾಟದಿಂದ ಬರಲಿ ಅಂತ. ಆ ಹಕ್ಕು ಎರಡು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಅಂದರೆ ಕಾಸ್ತಿಯಾ ಸೀಮೆಯಲ್ಲಿ ಒಂದು ಮಗು ಅ ಆ ಕಲಿಯಬೇಕಾದರೆ ಚರ್ಚಿಗೆ ಕಾಸು ಕೊಟ್ಟೇ ಕಲಿಯಬೇಕು.

ಆ ಪುಸ್ತಕದಲ್ಲಿ 'ಎ' ಅಕ್ಷರಕ್ಕಿಂತ ಮುಂಚೆ ಒಂದು ಶಿಲುಬೆಯ ಗುರುತು ಇರುತ್ತಿತ್ತು. ಅದಕ್ಕೆ 'ಕ್ರಿಸ್ತುಸ್' ಅಂತ ಹೆಸರು. ಏನೂ ಗೊತ್ತಿಲ್ಲದ ದಡ್ಡನಿಗೆ ಸ್ಪ್ಯಾನಿಷ್‌ನಲ್ಲಿ 'ಅವನಿಗೆ ಕ್ರಿಸ್ತುಸ್ ಕೂಡ ಗೊತ್ತಿಲ್ಲ' ಅನ್ನುತ್ತಾರೆ. ಇಂಗ್ಲೆಂಡಿನಲ್ಲೂ ಮಕ್ಕಳ ಕೈಗೆ ಹಿಡಿಕೆ ಇರುವ ಸಣ್ಣ ಹಲಗೆ ಕೊಡುತ್ತಿದ್ದರು. ಅದರ ಮೇಲೆ ಅಕ್ಷರದ ಹಾಳೆ, ಹಾಳೆ ಹರಿಯದ ಹಾಗೆ ಮೇಲೊಂದು ತೆಳುವಾದ ಕೊಂಬಿನ ಹೊದಿಕೆ. ಅಲ್ಲೂ ಮೊದಲು ಶಿಲುಬೆ. ಕ್ರಿಸ್ತನ ಶಿಲುಬೆಯ ಸಾಲು ಅಂತಲೇ ಅಕ್ಷರಮಾಲೆಗೆ ಹೆಸರು ಬಂತು. ಆ 'ಕ್ರೈಸ್ಟ್ ಕ್ರಾಸ್' ಬಾಯಲ್ಲಿ ಸವೆದು ಸವೆದು 'ಕ್ರಿಸ್‌ಕ್ರಾಸ್' ಆಗಿದೆ. ನಾವು ಅಡ್ಡಾದಿಡ್ಡಿ ಗೆರೆಗೆ ಬಳಸುವ ಈ ಪದದ ಹೊಟ್ಟೆಯಲ್ಲಿ ಒಂದು ಶಾಲೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಇದನ್ನು ಓದಿದಾಗ ನನಗೆ ನಗು ಬಂತು, ಯಾಕಂದರೆ ನಮ್ಮಲ್ಲೂ ಇದೇ. ಉಸುಕಿನ ಮೇಲೆ ಬೆರಳು ಹಿಡಿದು ಮೊದಲು ಬರೆಸುತ್ತಿದ್ದುದು ಓಂ ನಮಃ ಶಿವಾಯ. ಅದು ಓಡಿ ಓಡಿ 'ಓನಾಮ' ಆಯಿತು. "ಅವನಿಗೆ ವ್ಯವಸಾಯದ ಓನಾಮಾನೂ ಗೊತ್ತಿಲ್ಲ" ಅಂತ ಇವತ್ತಿಗೂ ಅಂತೀವಿ. ಮೂರು ಭಾಷೆ, ಮೂರು ಕಡೆಯೂ ಅಕ್ಷರದ ಬಾಗಿಲಲ್ಲಿ ದೇವರನ್ನು ನಿಲ್ಲಿಸಿದ್ದಾರೆ. ದೇವರಿಗೆ ಕೈ ಮುಗಿಯದೆ ಒಳಗೆ ಹೋಗುವ ಹಾಗಿಲ್ಲ.

ಹೀಗಾಗಿ 'ಅವನಿಗೆ ಕಾರ್ತಿಯಾ ಓದಿದರು' ಅಂದರೆ, ಏನೂ ತಿಳಿಯದ ಕೂಸಿಗೆ ಹೇಳುವ ಹಾಗೆ ಮೊದಲಿನಿಂದ ಹೇಳಿದರು, ನಿನ್ನ ಜಾಗ ಯಾವುದು ಅಂತ ತೋರಿಸಿದರು ಅನ್ನೋ ಭಾವ. ಓದುವವನು ಮೇಲೆ, ಕೇಳುವವನು ಕೆಳಗೆ.

ಇಂಗ್ಲಿಷಿನ ದೊಂಬಿ ಕಾಯ್ದೆಯ ಕಥೆ ಇನ್ನೂ ಗಂಭೀರ. ಇದು ಬರೀ ಮಾತಲ್ಲ, ನಿಜವಾದ ಕಾನೂನು. 1715ರ ಆಗಸ್ಟ್ 1ರಿಂದ ಬ್ರಿಟನ್ನಿನಲ್ಲಿ ಜಾರಿಗೆ ಬಂತು. ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಜನ ಗುಂಪುಗೂಡಿ ಗಲಾಟೆ ಮಾಡುತ್ತಿದ್ದರೆ ಮ್ಯಾಜಿಸ್ಟ್ರೇಟ್ ಬಂದು, ಕಾಯ್ದೆಯಲ್ಲಿ ಕೊಟ್ಟಿರುವ ಘೋಷಣೆಯನ್ನು ಗಟ್ಟಿಯಾಗಿ ಓದಬೇಕು. ಓದಿ ಮುಗಿಸಿದ ಮೇಲೆ ಒಂದು ಗಂಟೆ ಸಮಯ. ಅಷ್ಟರೊಳಗೆ ಚದುರದಿದ್ದರೆ ಅಪರಾಧ. ಆ ಕಾಲದಲ್ಲಿ ಶಿಕ್ಷೆ ಮರಣದಂಡನೆ. ಗುಂಪು ಚದುರಿಸುವಾಗ ಯಾರಾದರೂ ಸತ್ತರೆ ಚದುರಿಸಿದವರ ಮೇಲೆ ಕೇಸಿಲ್ಲ. ಘೋಷಣೆಯ ಕೊನೆಗೆ 'ದೇವರು ರಾಜನನ್ನು ಕಾಪಾಡಲಿ' ಅಂತ ಇದೆ. 1830ರ ಒಂದು ಮೊಕದ್ದಮೆಯಲ್ಲಿ ಓದಿದವರು ಈ ಕೊನೆಯ ಮಾತನ್ನು ಬಿಟ್ಟಿದ್ದರು ಅನ್ನೋ ಕಾರಣಕ್ಕೆ ಆ ಕಾಯ್ದೆಯಡಿ ಶಿಕ್ಷೆ ನಿಲ್ಲಲಿಲ್ಲ. ನಮ್ಮ ಕೋಡ್‌ನಲ್ಲಿ ಕೊನೆಗೆ ಒಂದು ಸೆಮಿಕೋಲನ್ ಬಿಟ್ಟರೆ ಕಂಪೈಲ್ ಆಗೋದಿಲ್ಲವಲ್ಲ, ಹಾಗೆ.

ಆದರೆ ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿದ್ದರು. ಪಾರ್ಲಿಮೆಂಟಿನಲ್ಲಿ ನಮಗೂ ಪ್ರತಿನಿಧಿ ಬೇಕು ಅಂತ ಕೇಳೋಕೆ ಬಂದ ನೇಯ್ಗೆಯವರು, ಕೂಲಿಯವರು, ಹೆಂಗಸರು, ಮಕ್ಕಳು. ಪಕ್ಕದ ಮನೆಯೊಂದರ ಕಿಟಕಿಯಿಂದ ಕಾಯ್ದೆ ಓದಿದೆವು ಅಂತ ಮ್ಯಾಜಿಸ್ಟ್ರೇಟರು ಆಮೇಲೆ ಹೇಳಿದರು. ಅಷ್ಟು ದೊಡ್ಡ ಗುಂಪಿನಲ್ಲಿ ಅದು ಯಾರ ಕಿವಿಗೆ ಬಿದ್ದೀತು? ಕುದುರೆ ಸವಾರರು ಕತ್ತಿ ಹಿಡಿದು ನುಗ್ಗಿದರು. ಕನಿಷ್ಠ 15 ಜನ ಸತ್ತರು, ನೂರಾರು ಜನ ಗಾಯಗೊಂಡರು. ಪೀಟರ್ಲೂ ಹತ್ಯಾಕಾಂಡ ಅಂತ ಚರಿತ್ರೆಯಲ್ಲಿ ಇರುವುದು ಇದೇ. ಆ ಕಾಯ್ದೆ 1973ರಲ್ಲಿ ಪೂರ್ತಿ ರದ್ದಾಯಿತು. ಮಾತು ಮಾತ್ರ ಉಳಿದುಕೊಂಡು, ಈಗ ಅಮ್ಮಂದಿರು ರೂಮು ಗಲೀಜು ಮಾಡಿದ ಮಕ್ಕಳಿಗೆ 'ದೊಂಬಿ ಕಾಯ್ದೆ ಓದುತ್ತಾರೆ'.

ಕಿಟಕಿಯಿಂದ ಓದಿ ಮುಗಿಸಿದರೆ ಸಾಕು, ಕೇಳಿಸಿತೋ ಇಲ್ಲವೋ ಯಾರಿಗೂ ಬೇಡ. ಈ ತಂತ್ರ ಇಂಗ್ಲಿಷರದ್ದೇ ಅಂದುಕೊಳ್ಳಬೇಡಿ. ಅವರಿಗಿಂತ ಇನ್ನೂರು ವರ್ಷ ಮೊದಲು ಸ್ಪೇನಿನವರು ಇದನ್ನು ಒಂದು ಖಂಡದ ಮೇಲೇ ಮಾಡಿದ್ದರು.

1513ರಲ್ಲಿ ಪಲಾಸಿಯೊಸ್ ರೂಬಿಯೊಸ್ ಅನ್ನುವ ಕಾನೂನು ಪಂಡಿತ ರಾಜನಿಗಾಗಿ ಒಂದು ಪತ್ರ ಬರೆದುಕೊಟ್ಟ. ಹೆಸರು 'ರೆಕೆರಿಮಿಯೆಂತೊ', ಅಂದರೆ ತಾಕೀತು. ಅಮೆರಿಕದ ಮೂಲನಿವಾಸಿಗಳ ಊರಿಗೆ ನುಗ್ಗುವ ಮೊದಲು ಇದನ್ನು ಅವರಿಗೆ ಓದಿ ಹೇಳಬೇಕು ಅಂತ ನಿಯಮ. ಒಳಗಿದ್ದ ವಿಷಯ ಇಷ್ಟು: ದೇವರು ಜಗತ್ತು ಮಾಡಿದ, ಜಗತ್ತನ್ನು ಪೋಪ್ ಕೈಗೆ ಕೊಟ್ಟ, ಪೋಪ್ ನಿಮ್ಮ ನೆಲವನ್ನು ನಮ್ಮ ರಾಜನಿಗೆ ಕೊಟ್ಟಿದ್ದಾರೆ, ಒಪ್ಪಿಕೊಂಡರೆ ಒಳ್ಳೆಯದು, ಇಲ್ಲವಾದರೆ ಯುದ್ಧ ಮಾಡಿ ನಿಮ್ಮನ್ನೂ ಹೆಂಡತಿ ಮಕ್ಕಳನ್ನೂ ಗುಲಾಮರನ್ನಾಗಿ ಹಿಡಿಯುತ್ತೇವೆ, ಆಗುವ ಸಾವು ನೋವಿಗೆಲ್ಲ ನೀವೇ ಹೊಣೆ. ಇಷ್ಟನ್ನೂ ಓದುತ್ತಿದ್ದದ್ದು ಅವರಿಗೆ ಬಾರದ ಸ್ಪ್ಯಾನಿಷ್‌ನಲ್ಲಿ. ಕೊನೆಗೆ ಒಂದು ಸಾಲು ಇದೆ, ಅಲ್ಲಿದ್ದ ನೋಟರಿಗೆ ಹೇಳುವುದು: ಇದನ್ನು ಓದಿದ್ದೇವೆ ಅಂತ ಸಹಿ ಮಾಡಿ ಸಾಕ್ಷಿ ಕೊಡಿ.

1514ರಲ್ಲಿ ಪೆದ್ರಾರಿಯಾಸ್ ದಾವಿಲಾನ ದಂಡು ಈಗಿನ ಪನಾಮಾ ಕಡೆಗೆ ಹೋದಾಗ ಗೊನ್ಸಾಲೊ ಫೆರ್ನಾಂದೆಸ್ ದೆ ಒವಿಯೆದೊ ಅದರ ಜೊತೆಗಿದ್ದ. ಅವರು ಒಂದು ಊರು ಹೊಕ್ಕಾಗ ಅಲ್ಲಿ ಯಾರೂ ಇರಲಿಲ್ಲ, ಜನ ಮೊದಲೇ ಓಡಿಹೋಗಿದ್ದರು. ಪತ್ರ ಇವನ ಕೈಲಿತ್ತು. ಅದನ್ನು ನಾಯಕನಿಗೆ ವಾಪಸ್ ಕೊಡುತ್ತಾ, ಈ ಧರ್ಮಶಾಸ್ತ್ರ ಕೇಳೋಕೆ ಇಲ್ಲಿಯವರಿಗೆ ಮನಸ್ಸಿಲ್ಲ, ಅರ್ಥ ಹೇಳೋರೂ ಇಲ್ಲ, ಒಬ್ಬನನ್ನು ಹಿಡಿದು ಪಂಜರಕ್ಕೆ ಹಾಕೋತನಕ ಇಟ್ಟುಕೊಂಡಿರಿ, ನಿಧಾನಕ್ಕೆ ಕಲಿತಾನು ಅಂತ ಹೇಳಿದೆ ಎಂದು ಅವನೇ ತನ್ನ ಚರಿತ್ರೆಯಲ್ಲಿ ಬರೆದುಕೊಂಡಿದ್ದಾನೆ. ಎಲ್ಲರೂ ನಕ್ಕರಂತೆ. ಮೂಲನಿವಾಸಿಗಳ ಪರ ಜೀವನವಿಡೀ ಹೋರಾಡಿದ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಈ ಪತ್ರದ ಬಗ್ಗೆ ಬರೆಯುವಾಗ, ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ ಅನ್ನುವ ಅರ್ಥದ ಮಾತು ಹೇಳುತ್ತಾನೆ.

ಇದನ್ನು ನಾನು ಓದಿದ್ದು ಆಫೀಸಿನಲ್ಲಿ, ಊಟದ ಹೊತ್ತಿನಲ್ಲಿ. ನನಗೆ ನಗು ಬರಲಿಲ್ಲ. 'ಓದಿದ್ದೇವೆ ಅಂತ ಸಾಕ್ಷಿ ಸಹಿ' ಅನ್ನೋ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕೆ ಅಂತ ಹೇಳಬೇಕಾದರೆ 2007ಕ್ಕೆ ಹೋಗಬೇಕು.

ನಮ್ಮೂರು ಹಾವೇರಿ ಜಿಲ್ಲೆಯದು. ಅಪ್ಪ ಹೆಬ್ಬೆಟ್ಟು. ಎರಡನೇ ಇಯತ್ತೆಯ ಅರ್ಧಕ್ಕೆ ಸಾಲಿ ಬಿಟ್ಟವನು. ಬಿಟ್ಟದ್ದಕ್ಕೆ ಕಾರಣ ಮಾಸ್ತರರ ಬೆತ್ತ ಅಂತ ಅಜ್ಜಿ ಹೇಳುತ್ತಿದ್ದಳು. 'ಛಡಿ ಚಂ ಚಂ, ವಿದ್ಯೆ ಘಂ ಘಂ' ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಗಾದೆ. ಅಪ್ಪನ ಪಾಲಿಗೆ ಛಡಿ ಬಂತು, ವಿದ್ಯೆ ಬರಲಿಲ್ಲ.

ಇದಕ್ಕೂ ಸ್ಪ್ಯಾನಿಷ್‌ನಲ್ಲಿ ಒಂದು ಗಾದೆ ಇದೆ. 'ಲಾ ಲೆತ್ರಾ ಕೊನ್ ಸಾಂಗ್ರೆ ಎಂತ್ರಾ', ರಕ್ತ ಬಂದರೇ ಅಕ್ಷರ ಒಳಗೆ ಹೋಗೋದು. ಡಾನ್ ಕ್ವಿಕ್ಸೋಟ್ ಕಾದಂಬರಿಯ ಎರಡನೇ ಭಾಗದಲ್ಲಿ ಡಚೆಸ್ ಒಬ್ಬಳು ಸಾಂಚೊನಿಗೆ ಈ ಗಾದೆ ಹೇಳುತ್ತಾಳೆ. ಸಾಂಚೊ ಹರಕೆಯ ಚಾಟಿಯೇಟಿನಲ್ಲಿ ಬರೀ ಐದೇಟು, ಅದೂ ಅಂಗೈಯಲ್ಲಿ, ಹೊಡೆದುಕೊಂಡು ಬಂದಿರುತ್ತಾನೆ. ಅಷ್ಟು ಮೆತ್ತಗಾದರೆ ಆಗದು ಅನ್ನೋದಕ್ಕೆ. ಗಮನಿಸಿ, ಆ ಸಾಂಚೊನಿಗೂ ಓದು ಬರಹ ಬರುವುದಿಲ್ಲ. ಚಿತ್ರಕಾರ ಗೋಯಾ 1780ರ ದಶಕದಲ್ಲಿ ಇದೇ ಗಾದೆಯ ಚಿತ್ರ ಬರೆದಿದ್ದಾನೆ. ಈಗ ಅದು ಸರಗೋಸಾ ಊರಿನ ಮ್ಯೂಸಿಯಂನಲ್ಲಿದೆ. ಮಾಸ್ತರ ಕುರ್ಚಿಯಲ್ಲಿ ಕೂತಿದ್ದಾನೆ, ಎದುರಿಗೆ ಹುಡುಗ ಬಗ್ಗಿದ್ದಾನೆ, ಬಟ್ಟೆ ಸರಿದ ಬೆತ್ತಲೆ ಅಂಡಿನ ಮೇಲೆ ಚಾಟಿ ಬೀಳುವುದರಲ್ಲಿದೆ. ಮಾಸ್ತರನ ಕಾಲ ಬಳಿ ಒಂದು ನಾಯಿ. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾಗಿ ಹೇಳುವ ಗಾದೆ 'ಬೆತ್ತ ಉಳಿಸಿದರೆ ಮಗು ಕೆಡುತ್ತದೆ' ಅನ್ನುತ್ತದೆ. ಅದು ಮಗುವಿನ ನಡತೆಯ ಮಾತು. ಸ್ಪ್ಯಾನಿಷ್ ಮತ್ತು ಕನ್ನಡದ್ದು ನೇರವಾಗಿ ಅಕ್ಷರದ ಮಾತು. ಅಕ್ಷರಕ್ಕೇ ಪೆಟ್ಟಿನ ಬೆಲೆ ಕಟ್ಟಿದ್ದೇವೆ ನಾವು ಮತ್ತು ಅವರು.

ಮತ್ತೆ 2007. ಸಿಇಟಿಯಲ್ಲಿ ನನಗೆ ಬಿಇ ಸೀಟು ಸಿಗುವ ರ‍್ಯಾಂಕ್ ಬಂದಿತ್ತು. ಫೀಸು, ಹಾಸ್ಟೆಲ್ಲು, ಪುಸ್ತಕ ಅಂತ ಕೈಗೆ ದುಡ್ಡು ಬೇಕು. ಅಪ್ಪ ಒಂದೂವರೆ ಎಕರೆ ಮೇಲೆ ಪಕ್ಕದ ಊರಿನ ಸಾಹುಕಾರರೊಬ್ಬರ ಹತ್ತಿರ 80,000 ರೂಪಾಯಿ ತೆಗೆಯೋದು ಅಂತಾಯಿತು. ನಿನ್ನ ಮಗ ನೌಕರಿ ಹಿಡಿದ ಮೇಲೆ ಕೊಡೀವಂತೆ ಅಂತ ಬಾಯಲ್ಲಿ ಮಾತಾಗಿತ್ತು. ಪತ್ರ ಬರೆಯುವವರು ಆರು ಪುಟದ ಕಾಗದ ತಯಾರು ಮಾಡಿ ಇಟ್ಟಿದ್ದರು. ಹೆಬ್ಬೆಟ್ಟು ಒತ್ತುವ ಮೊದಲು ಅಪ್ಪ ನನ್ನ ಕಡೆ ತಿರುಗಿ, "ಏನ್ ಬರದಾರೋ ತಮ್ಮಾ, ಒಂದೀಟು ಓದಿ ಹೇಳು" ಅಂದ.

ಕಾಗದ ಕನ್ನಡದಲ್ಲೇ ಇತ್ತು. ನನಗೆ ಓದೋಕೆ ಬರುತ್ತಿತ್ತು. ಕನ್ನಡದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಮಾರ್ಕ್ಸ್ ತಗೊಂಡವನು ನಾನು. ಆದರೆ ಅವತ್ತು ರಾತ್ರಿ ಬೆಂಗಳೂರಿನ ಬಸ್ಸು ಹಿಡಿಯಬೇಕಿತ್ತು, ಮರುದಿನ ಕೌನ್ಸೆಲಿಂಗ್. ಸದರಿ, ತತ್ಸಂಬಂಧ, ಚೆಕ್ಕುಬಂದಿ ಅಂತ ಶುರುವಾದ ಮೊದಲ ಪುಟ ನೋಡಿಯೇ ಬೇಜಾರಾಯಿತು. ಜೊತೆಗೆ ಸಾಹುಕಾರರ ಎದುರಿಗೆ ಕೂತು ಅವರ ಪತ್ರವನ್ನೇ ಪರೀಕ್ಷೆ ಮಾಡಿದರೆ ಏನಂದುಕೊಂಡಾರು ಅನ್ನೋ ಸಂಕೋಚ. ಮೇಲೆ ಕೆಳಗೆ ಕಣ್ಣಾಡಿಸಿ, "ಏನೂ ಇಲ್ಲಪಾ, ಎಲ್ಲಾ ಬರೋಬ್ಬರಿ ಐತಿ. ಒತ್ತು" ಅಂದೆ. ಅಪ್ಪ ಒತ್ತಿದ.

ಕೊನೆಯ ಪುಟದಲ್ಲಿ, ಹೆಬ್ಬೆಟ್ಟಿನ ಮೇಲೆ, ಇಂಥ ಪತ್ರಗಳಲ್ಲಿ ಯಾವಾಗಲೂ ಇರುವ ಮಾತು ಇತ್ತು. ಓದಿ ಹೇಳಲಾಗಿ, ಕೇಳಿ ತಿಳಿದು, ಸರಿ ಇದೆ ಎಂದು ಒಪ್ಪಿ ಹೆಬ್ಬೆಟ್ಟಿನ ಗುರುತು ಒತ್ತಿರುತ್ತಾರೆ.

ನಾಲ್ಕನೇ ಪುಟದಲ್ಲಿದ್ದದ್ದು ಬೇರೆ. ಅದು ಅಡಮಾನದ ಪತ್ರ ಆಗಿರಲಿಲ್ಲ, ಷರತ್ತಿನ ಕ್ರಯಪತ್ರ ಆಗಿತ್ತು. ಮೂರು ವರ್ಷದೊಳಗೆ ಪೂರ್ತಿ ಹಣ ತಿರುಗಿಸದಿದ್ದರೆ ಹೊಲ ಅವರದು. ಬಿಇ ನಾಲ್ಕು ವರ್ಷ ಅಂತ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. 2010ರಲ್ಲಿ ನಾನು ಆರನೇ ಸೆಮಿಸ್ಟರ್ ಪರೀಕ್ಷೆಯಲ್ಲಿದ್ದಾಗ ಸಾಹುಕಾರರ ಕಡೆಯಿಂದ ಹೇಳಿಕೆ ಬಂತು. ಪರೀಕ್ಷೆ ಮುಗಿಯುವ ತನಕ ಮನೆಯಲ್ಲಿ ಯಾರೂ ನನಗೆ ಹೇಳಲಿಲ್ಲ. ಹಿರಿಯರು ಕೂತು ಪಂಚಾಯ್ತಿ ಮಾಡಿದ ಮೇಲೆ ಅರ್ಧ ಎಕರೆ ಬಿಟ್ಟುಕೊಟ್ಟು ಉಳಿದದ್ದನ್ನು ಬಿಡಿಸಿಕೊಳ್ಳುವುದು ಅಂತ ಆಯಿತು. ಅಪ್ಪ ಒಂದು ಮಾತು ಬೈಯಲಿಲ್ಲ. "ನಿನ್ನ ಓದಸಾಕ ಅಂತ ತಗದದ್ದು, ಓದಿಗೇ ಹೋತು ಬಿಡು" ಅಂದ. ಅಂಕಲಿಪಿಯನ್ನೋ ಕಾಯ್ದೆಯನ್ನೋ ಓದಿದ್ದರೆ ನನಗೆ ಹಗುರ ಆಗುತ್ತಿತ್ತು.

ಕನ್ನಡದಲ್ಲಿ 'ಓದಿಸು' ಅನ್ನೋ ಪದಕ್ಕೆ ಎಷ್ಟು ಅರ್ಥ ನೋಡಿ. ಮಗನನ್ನು ಓದಿಸೋದು ಅಂದರೆ ಶಾಲೆ ಕಾಲೇಜು ಕಲಿಸೋದು. ಮದುವೆಯಲ್ಲಿ ಮುಯ್ಯಿ ಓದಿಸೋದು ಅಂದರೆ ಉಡುಗೊರೆ ಕೊಟ್ಟು, ಇಂಥವರದು ಇಷ್ಟು ಅಂತ ಕೂಗಿ ಹೇಳಿಸೋದು. ಎರಡರಲ್ಲೂ ಕೈಯಿಂದ ದುಡ್ಡು ಬಿಚ್ಚುವವನು ಬೇರೆ, ಓದುವವನು ಬೇರೆ.

ಈಗ ನನ್ನ ಕೆಲಸಕ್ಕೆ ಬರೋಣ. ನಾನು ದಿನಾ ನೋಡುವ ಆ ಸ್ಪ್ಯಾನಿಷ್ ಫೈಲಿನಲ್ಲಿ ಒಂದು ಸಾಲಿದೆ. 'ಎ ಲೆಯಿದೊ ಇ ಅಸೆಪ್ತೊ', ಓದಿದ್ದೇನೆ ಮತ್ತು ಒಪ್ಪಿದ್ದೇನೆ. ಪಕ್ಕದಲ್ಲಿ ಒಂದು ಸಣ್ಣ ಚೌಕ, ಟಿಕ್ ಮಾಡೋಕೆ. ಕರಾರಿನಲ್ಲಿ ಕಣ್ಣಿಗೆ ಬೀಳದ ಹಾಗೆ ಹುದುಗಿಸಿಟ್ಟ ಷರತ್ತಿಗೆ ಇಂಗ್ಲಿಷಿನವರು 'ನವಿರಾದ ಅಚ್ಚು' ಅನ್ನುತ್ತಾರೆ, ಸ್ಪೇನಿನವರು 'ಲೆತ್ರಾ ಪೆಕೆನ್ಯಾ', ಸಣ್ಣ ಅಕ್ಷರ, ಅನ್ನುತ್ತಾರೆ. ನಮ್ಮ ಆ್ಯಪ್‌ನ ಷರತ್ತುಗಳು ಹನ್ನೊಂದು ಪುಟ. ಟೆಸ್ಟ್ ಮಾಡುವಾಗ ನಾನೇ ಸಾವಿರ ಸಲ ಆ ಚೌಕ ಒತ್ತಿದ್ದೇನೆ, ಒಂದು ಸಲವೂ ಓದಿಲ್ಲ. ಪೆದ್ರಾರಿಯಾಸ್‌ನ ನೋಟರಿ, ಮ್ಯಾಂಚೆಸ್ಟರಿನ ಕಿಟಕಿ, ನಮ್ಮೂರ ಪತ್ರದ ಕೊನೆ ಸಾಲು, ನಾನು ಪಿಕ್ಸೆಲ್ ಲೆಕ್ಕ ಹಾಕಿ ಕೂರಿಸಿದ ಈ ಚೌಕ, ಎಲ್ಲಾ ಒಂದೇ ವಂಶ. 'ಓದಲಾಗಿದೆ' ಅಂತ ಬರೆದುಕೊಂಡುಬಿಟ್ಟರೆ ಓದಿದ ಹಾಗೆ. ತಪ್ಪಾದರೆ ಹೊಣೆ ಕೇಳಿಸಿಕೊಂಡವನದು.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುವ ಮನಸ್ಸು ಬರುತ್ತಿರಲಿಲ್ಲ. ಓದಿ ಹೇಳುವುದಕ್ಕೆ ಇನ್ನೊಂದು ಮುಖ ಇದೆ, ಅದೂ ಅದೇ ಸ್ಪ್ಯಾನಿಷ್ ನಾಡಿನದು.

ಓದಿನ ಹುಚ್ಚಿರುವವರಿಗೆ ಇಂಗ್ಲಿಷಿನಲ್ಲಿ ಪುಸ್ತಕದ ಹುಳು, ಸ್ಪ್ಯಾನಿಷ್‌ನಲ್ಲಿ 'ರಾತೋನ್ ದೆ ಬಿಬ್ಲಿಯೊತೆಕಾ', ಲೈಬ್ರರಿಯ ಇಲಿ. ಹುಳುವೂ ಇಲಿಯೂ ಮೂಲೆಯಲ್ಲಿ ಒಂಟಿಯಾಗಿ ಕೂತು ತಿನ್ನುವ ಪ್ರಾಣಿಗಳೇ. ಅತಿ ಓದಿಗೆ ನಮ್ಮಲ್ಲಿ 'ಓದಿ ಓದಿ ಮರುಳಾದ ಕೂಚಂಭಟ್ಟ' ಅನ್ನೋ ಗಾದೆಯೇ ಇದೆಯಲ್ಲ, ಆ ಕೂಚಂಭಟ್ಟನ ಸ್ಪೇನಿನ ಅಣ್ಣನೇ ಡಾನ್ ಕ್ವಿಕ್ಸೋಟ್. 1605ರಲ್ಲಿ ಮೊದಲ ಭಾಗ ಅಚ್ಚಾದ ಸರ್ವಾಂಟಿಸ್‌ನ ಕಾದಂಬರಿ ಶುರುವಾಗುವುದೇ ಹಾಗೆ. ಹಗಲು ರಾತ್ರಿ ವೀರರ ಕಥೆ ಓದಿ ಓದಿ ಮಿದುಳು ಒಣಗಿ, ತಾನೇ ವೀರ ಅಂತ ಹೊರಡುತ್ತಾನೆ. ಒಬ್ಬನೇ ಕೂತು ಓದಿದ್ದರ ಫಲ.

ಆದರೆ ಅದೇ ಪುಸ್ತಕದಲ್ಲಿ ಒಂದು ಹೋಟೆಲಿನ ಯಜಮಾನ ಬರುತ್ತಾನೆ. ಅವನ ಹತ್ತಿರವೂ ಅವೇ ವೀರಕಥೆಯ ಪುಸ್ತಕಗಳಿವೆ. ಸುಗ್ಗಿ ಕಾಲದಲ್ಲಿ ಕೊಯ್ಲಿನ ಆಳುಗಳು ಹಬ್ಬದ ದಿನ ಅಲ್ಲಿ ಸೇರುತ್ತಾರೆ, ಅವರಲ್ಲಿ ಓದು ಬರುವವನೊಬ್ಬ ಇದ್ದೇ ಇರುತ್ತಾನೆ, ಅವನು ಪುಸ್ತಕ ಹಿಡಿದರೆ ಮೂವತ್ತಕ್ಕೂ ಹೆಚ್ಚು ಜನ ಸುತ್ತ ಕೂತು ಕೇಳುತ್ತೇವೆ, ಕೇಳಿ ಆಯುಷ್ಯ ಹೆಚ್ಚಾದ ಹಾಗೆ ಆಗುತ್ತದೆ ಅನ್ನುತ್ತಾನೆ. ಅದೇ ಕಥೆಗಳು. ಒಬ್ಬನಿಗೆ ಹುಚ್ಚು ಹಿಡಿಸಿದ್ದು ಮೂವತ್ತು ಜನಕ್ಕೆ ದಣಿವಾರಿಸುತ್ತದೆ.

ಇದು ಬರೀ ಕಾದಂಬರಿಯ ಮಾತಲ್ಲ. 1865ರಲ್ಲಿ ಕ್ಯೂಬಾದ ಹವಾನಾದಲ್ಲಿ 'ಎಲ್ ಫೀಗಾರೊ' ಅನ್ನುವ ಸಿಗಾರ್ ಫ್ಯಾಕ್ಟರಿಯಲ್ಲಿ ಕಾರ್ಮಿಕರು ಒಂದು ಹೊಸ ಪದ್ಧತಿ ಶುರು ಮಾಡಿದರು. ಎಲೆ ಸುರುಳಿ ಸುತ್ತುವ ಕೆಲಸ ಕೈಗೆ ಮಾತ್ರ, ಕಿವಿ ಖಾಲಿ. ಹಾಗಾಗಿ ಒಬ್ಬ ಓದುಗನನ್ನು, 'ಲೆಕ್ತೋರ್' ಅನ್ನು, ಇಟ್ಟುಕೊಂಡರು. ಅವನ ಸಂಬಳಕ್ಕೆ ಎಲ್ಲರೂ ತಮ್ಮ ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಹಾಕುತ್ತಿದ್ದರು. ಪತ್ರಿಕೆ, ಕಾದಂಬರಿ, ಚರಿತ್ರೆ, ಯಾವುದು ಓದಬೇಕು ಅನ್ನೋದೂ ಕೇಳುವವರ ಆಯ್ಕೆಯೇ. ಮಾಲೀಕರಿಗೂ ಸರ್ಕಾರಕ್ಕೂ ಭಯ ಹುಟ್ಟಿತು. ಮರುವರ್ಷವೇ, 1866ರಲ್ಲಿ, ಕೆಲಸದ ಮೇಲಿನ ಗಮನ ಕೆಡುತ್ತದೆ ಅಂತ ಫ್ಯಾಕ್ಟರಿಗಳಲ್ಲಿ ಓದುವುದನ್ನು ಸರ್ಕಾರ ನಿಷೇಧಿಸಿತು. ಸುಮ್ಮನೆ ಕಥೆ ಓದಿದರೆ ಯಾಕೆ ಭಯ? ಕೇಳುವವನು ಯೋಚನೆ ಮಾಡೋಕೆ ಶುರು ಮಾಡುತ್ತಾನೆ, ಅದಕ್ಕೆ. ನಿಷೇಧ ಬಹಳ ದಿನ ಬಾಳಲಿಲ್ಲ. ಕ್ಯೂಬಾದಿಂದ ಫ್ಲಾರಿಡಾದ ಟ್ಯಾಂಪಾಕ್ಕೆ ವಲಸೆ ಹೋದವರು ಓದುಗನನ್ನೂ ಜೊತೆಗೆ ಕರೆದುಕೊಂಡು ಹೋದರು. ಅಲ್ಲಿ 1931ರಲ್ಲಿ ಮಾಲೀಕರು ಓದುಗರನ್ನು ತೆಗೆದು ಆ ಜಾಗಕ್ಕೆ ರೇಡಿಯೋ ತಂದರು. ಕ್ಯೂಬಾದಲ್ಲಿ ಮಾತ್ರ ಇವತ್ತಿಗೂ ಫ್ಯಾಕ್ಟರಿಗಳಲ್ಲಿ ಓದುತ್ತಾರೆ. ಪ್ರಸಿದ್ಧ 'ಮಾಂಟೆಕ್ರಿಸ್ಟೋ' ಸಿಗಾರಿಗೆ ಆ ಹೆಸರು ಬಂದದ್ದು ಕಾರ್ಮಿಕರು ಮತ್ತೆ ಮತ್ತೆ ಕೇಳಲು ಬಯಸುತ್ತಿದ್ದ ಡ್ಯೂಮಾನ ಕಾದಂಬರಿಯಿಂದ ಅಂತ ಹೇಳುತ್ತಾರೆ.

ನಮ್ಮೂರ ಮಠದಲ್ಲಿ ಶ್ರಾವಣ ಬಂತ್ಂದರೆ ಪುರಾಣ ಹಚ್ಚುತ್ತಿದ್ದರು. ರಾತ್ರಿ ಊಟ ಮುಗಿಸಿ ಕಂಬಳಿ ಹೊದ್ದು ಜನ ಬಂದು ಕೂರುವರು. ಒಬ್ಬರು ಪದ್ಯ ಓದುವವರು, ಇನ್ನೊಬ್ಬರು ಅರ್ಥ ಹೇಳುವವರು. ಅರ್ಥ ಆಗದಿದ್ದರೆ ಕೂತವರು ಸುಮ್ಮನಿರುತ್ತಿರಲಿಲ್ಲ, "ಅದೇನ್ರೀ ಅದು, ಇನ್ನೊಮ್ಮೆ ಹೇಳ್ರಿ" ಅಂತ ತಡೆದು ಕೇಳುವರು. ಒಂದಕ್ಷರ ಬಾರದ ಅಪ್ಪನಿಗೆ ಪುರಾಣದ ಕಥೆ ಪೂರ್ತಿ ಬರುತ್ತದೆ, ಎಲ್ಲಿ ಯಾರು ಏನು ಹೇಳಿದರು ಅನ್ನೋದರ ಸಮೇತ. ಅವನಿಗೆ ಗೊತ್ತಿದ್ದ 'ಓದಿ ಹೇಳುವುದು' ಇದು. ಅವತ್ತು ಸಾಹುಕಾರರ ಮನೆಯಲ್ಲಿ ನನ್ನ ಕಡೆ ತಿರುಗಿ ಅವನು ಕೇಳಿದ್ದೂ ಇದನ್ನೇ. ನಾನು ಕೊಟ್ಟದ್ದು ನೋಟರಿಯ ಸಾಕ್ಷಿ.

ಡಾನ್ ಕ್ವಿಕ್ಸೋಟ್ ಎರಡನೇ ಭಾಗದಲ್ಲಿ ಒಂದು ಕಡೆ, ಬಹಳ ಓದಿ ಬಹಳ ತಿರುಗಾಡಿದವನಿಗೆ ಕಂಡದ್ದೂ ತಿಳಿದದ್ದೂ ಬಹಳ ಅನ್ನುವ ಅರ್ಥದ ಮಾತು ಹೇಳುತ್ತಾನೆ. ಇದಕ್ಕೆ ಸರಿಸಮನಾದ ಗಾದೆ ಇಂಗ್ಲಿಷಿನಲ್ಲಿ ನನಗೆ ಸಿಗಲಿಲ್ಲ. ಕನ್ನಡದಲ್ಲಿ ಹುಡುಕುವ ಅಗತ್ಯವೇ ಇಲ್ಲ: ದೇಶ ಸುತ್ತು, ಕೋಶ ಓದು. ನಾನು ಸ್ಪೇನ್ ನೋಡಿಲ್ಲ. ಕೂತಲ್ಲೇ ಒಂದಿಷ್ಟು ಓದಿ, ಅಲ್ಲಿಯ ಗಾದೆಗಳ ಹಿಂದೆ ಸುತ್ತಿ ಬಂದೆ, ಅಷ್ಟೇ.

ಹೋದ ತಿಂಗಳು ಬೆಳೆ ವಿಮೆಯ ಅರ್ಜಿಯೊಂದು ಬಂದಿತ್ತು. ಅಪ್ಪ ತಂಗಿಯ ಫೋನಿನಿಂದ ವಿಡಿಯೋ ಕಾಲ್ ಮಾಡಿ ಕಾಗದವನ್ನು ಕ್ಯಾಮೆರಾ ಮುಂದೆ ಹಿಡಿದ. ನಾನು ಮೀಟಿಂಗ್ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮೊದಲ ಸಾಲಿನಿಂದ ಓದಿದೆ. ನಾಲ್ಕು ಸಾಲು ಆಗಿತ್ತೋ ಇಲ್ಲವೋ, ಅಪ್ಪ ತಡೆದ.

"ಬರೇ ಓದಿದ್ರ ಆತೇನು? ಅರ್ಥ ಹೇಳು."

ಹೇಳಿದೆ. ಎರಡು ಪುಟಕ್ಕೆ ನಲವತ್ತು ನಿಮಿಷ ಹಿಡಿಯಿತು.